ಒಂದು ಹೆಸರು, ಹಲವು ಮಾತು

ಮನೆಮಂದಿಯ ವಿರಾಮ

ದೀಪ ಹೊತ್ತಿಸಿದ ಮೇಲೆ ಊಟಕ್ಕೆ ಕರೆ ಬರುವವರೆಗಿನ ಅರ್ಧ ಗಂಟೆಯು ಮಕ್ಕಳಿರುವ ಮನೆಗಳಲ್ಲಿ ಬಹಳ ಉದ್ದವಾದ ಅರ್ಧ ಗಂಟೆ. ಪಾಠ ಮುಗಿದಿರುತ್ತದೆ, ಹೊರಗೆ ಆಡಲು ಕತ್ತಲು, ಒಲೆಯ ಮುಂದಿರುವವರಿಗೆ ಕೈ ಬಿಡುವಿಲ್ಲ. ಈ ಹೊತ್ತಿಗೆ ಒಪ್ಪುವಂಥ, ಕಾಸಿನ ಖರ್ಚಿಲ್ಲದ, ಕಾಗದದ ಚೂರು ಮತ್ತು ಕತ್ತರಿಯ ಹೊರತು ಬೇರಾವ ಸಲಕರಣೆಯನ್ನೂ ಬೇಡದ ಆಟವೊಂದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ಒಂದು ದೊಡ್ಡ ಮಾತನ್ನು ತೆಗೆದುಕೊಂಡು, ಅದರ ಅಕ್ಷರಗಳನ್ನು ಬಿಡಿಬಿಡಿಯಾಗಿಸಿ, ಆ ಅಕ್ಷರಗಳಿಂದಲೇ ಆಗತಕ್ಕ ಸಣ್ಣ ಮಾತುಗಳನ್ನು ಹುಡುಕುವುದೇ ಆ ಆಟ. ಆಟವೇನೋ ಸಣ್ಣದು. ಆದರೆ ಮಗುವಿಗೆ ಓದು ನಿಜವಾಗಿ ಬಂದಿದೆಯೇ ಇಲ್ಲವೇ ಎಂಬುದು ಇದರಲ್ಲಿ ತಿಳಿದುಬರುವಷ್ಟು ಸ್ಪಷ್ಟವಾಗಿ ಎಷ್ಟೋ ಪರೀಕ್ಷೆಗಳಲ್ಲಿ ತಿಳಿದುಬರುವುದಿಲ್ಲ. ಆದುದರಿಂದಲೇ ಇದಕ್ಕೆ ಇಷ್ಟು ಪುಟಗಳನ್ನು ಕೊಟ್ಟಿದ್ದೇವೆ.

ಎಲ್ಲರಿಗೂ ಗೊತ್ತಿರುವ ಒಂದು ಮಾತಿನಿಂದ ಆರಂಭಿಸೋಣ. ತೆನಾಲಿ ರಾಮಕೃಷ್ಣನಿಗೆ ಸಲ್ಲುವ ಬಿರುದು ವಿಕಟಕವಿ. ಇದನ್ನು ಹಿಂದಿನಿಂದ ಓದಿದರೂ ವಿಕಟಕವಿಯೇ ಎಂಬುದನ್ನು ಮಕ್ಕಳು ಬಲ್ಲರು. ಈಗ ಅದನ್ನು ಬಿಡಿಸಿರಿ: ವಿ, ಕ, ಟ, ಕ, ವಿ. ಈ ಐದರೊಳಗೆ ಕವಿ ಇದ್ದಾನೆ. ವಿಕಟ ಎಂಬ ವಿಶೇಷಣವಿದೆ. ನಡುವಿನ ಮೂರು ಅಕ್ಷರಗಳಲ್ಲಿ ಕಟಕ ಎಂಬ ಮಾತಿದೆ. ಕಟಕವೆಂದರೆ ಕಡಗವೂ ಹೌದು, ಸೇನೆಯ ಬೀಡೂ ಹೌದು. ಇದನ್ನೂ ತಿರುಗಿಸಿ ಓದಿದರೆ ಬದಲಾಗದು. ಹೊರಗಿನಿಂದ ಏನನ್ನೂ ತರದೆ ಮೂರು ಮಾತುಗಳು ದೊರೆತವು. ಆಟದ ತತ್ತ್ವವೆಲ್ಲ ಇಷ್ಟೆ.

ನಿಯಮಗಳಿಗೆ ಬರುವ ಮೊದಲು ಕನ್ನಡದಲ್ಲಿ ಅಕ್ಷರವೆಂದರೆ ಯಾವುದೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಇಂಗ್ಲಿಷಿನವರಿಗೆ ಈ ತೊಡಕಿಲ್ಲ. ಅವರಲ್ಲಿ ಸ್ವರವೂ ವ್ಯಂಜನವೂ ಒಂದರ ಪಕ್ಕದಲ್ಲೊಂದು ಬೇರೆಬೇರೆಯಾಗಿ ನಿಲ್ಲುತ್ತವೆ. ಒಟ್ಟು ಅಕ್ಷರಗಳು 26. ಅಮೆರಿಕದಲ್ಲಿ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿಯು 1930ರ ದಶಕದಲ್ಲಿ ವೃತ್ತಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಯಾವ ಅಕ್ಷರವು ಎಷ್ಟು ಸಲ ಬರುತ್ತದೆಂದು ಎಣಿಸಿ, ಮರದ ಬಿಲ್ಲೆಗಳ ಆಟವೊಂದನ್ನು ಕಟ್ಟಿದನು. 1948ರಲ್ಲಿ ಸ್ಕ್ರ್ಯಾಬಲ್ ಎಂಬ ಹೆಸರಿನಿಂದ ಅದು ಮಾರಾಟಕ್ಕೆ ಬಂದಿತು. ಆ ಭಾಷೆಗೆ ನೂರು ಬಿಲ್ಲೆಗಳು ಸಾಕಾದವು. ನಮ್ಮ ವರ್ಣಮಾಲೆಯಲ್ಲಾದರೋ 13 ಸ್ವರಗಳು, 34 ವ್ಯಂಜನಗಳು, ಎರಡು ಯೋಗವಾಹಗಳು. ಒಂದೊಂದು ವ್ಯಂಜನಕ್ಕೂ 13 ಸ್ವರಗಳನ್ನು ಕೂಡಿಸಿದರೆ ಗುಣಿತಾಕ್ಷರಗಳೇ 442 ಆಗುತ್ತವೆ. ಒತ್ತಕ್ಷರಗಳನ್ನೂ ಸೇರಿಸಿದರೆ ಲೆಕ್ಕ ಕೈಗೆ ಸಿಕ್ಕದು. ಅಷ್ಟು ಬಿಲ್ಲೆಗಳನ್ನು ಕೆತ್ತಿ ಮನೆಯಲ್ಲಿಡುವವರಾರು? ಪರದೇಶದ ಆಟವನ್ನು ಹಾಗೆಯೇ ಎತ್ತಿ ತಂದರೆ ಅದು ನಮ್ಮ ಜಗುಲಿಯಲ್ಲಿ ಕೂರುವುದಿಲ್ಲ. ಒಂದೇ ಹೆಸರನ್ನು ತೆಗೆದುಕೊಂಡು ಅದರ ನಾಲ್ಕೈದು ಅಕ್ಷರಗಳಷ್ಟನ್ನೇ ಚೀಟಿಗಳಲ್ಲಿ ಬರೆದುಕೊಳ್ಳುವುದು ನಮಗೆ ಅನುಕೂಲ.

ಹೀಗೆಂದುಕೊಂಡು ನಿಯಮಗಳನ್ನು ಹೀಗೆ ಗೊತ್ತುಮಾಡಬಹುದು. ಒಂದನೆಯದು: ಬಾಯಲ್ಲಿ ಒಂದು ಸಲಕ್ಕೆ ನುಡಿಯುವ, ಬರಹದಲ್ಲಿ ಒಂದು ಗುಂಪಾಗಿ ನಿಲ್ಲುವ ಗುಣಿತಾಕ್ಷರವೇ ಒಂದು ಅಕ್ಷರ. ‘ಗಿ’ ಎಂಬುದು ಒಂದು. ಅದನ್ನು ಗಕಾರ, ಇಕಾರವೆಂದು ಒಡೆಯಕೂಡದು. ಎರಡನೆಯದು: ಹೆಸರಿನಲ್ಲಿ ಎಷ್ಟು ಸಲ ಬಂದಿದೆಯೋ ಅಷ್ಟು ಸಲ ಮಾತ್ರ ಒಂದು ಅಕ್ಷರವನ್ನು ಬಳಸತಕ್ಕದ್ದು. ಮೂರನೆಯದು: ದಕಾರಕ್ಕೆ ಧಕಾರ, ಸಕಾರಕ್ಕೆ ಶಕಾರ, ಲಕಾರಕ್ಕೆ ಳಕಾರ ಬದಲಾಗಿ ಬರಲಾರವು. ನಾಲ್ಕನೆಯ ನಿಯಮವೊಂದಿದೆ, ಅದು ಎಲ್ಲಕ್ಕಿಂತ ಮುಖ್ಯವಾದುದಾದರೂ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇವೆ.

ಯಾವ ಹೆಸರುಗಳನ್ನು ತೆಗೆದುಕೊಳ್ಳೋಣ? ಮಕ್ಕಳಿಗೆ ತಮ್ಮ ಊರಿನ ಹೆಸರಿಗಿಂತ ಪ್ರಿಯವಾದ ಮಾತು ಬೇರೆಯಿಲ್ಲ. ತುಮಕೂರು ಜಿಲ್ಲೆಯ ಉತ್ತರ ಭಾಗದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು ಒಟ್ಟುಗೂಡಿಸಿ ಶಿಕ್ಷಣ ಇಲಾಖೆಯವರು ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಹೆಸರಿಟ್ಟಿದ್ದಾರೆ. ಶಾಲೆಯ ಲೆಕ್ಕದಲ್ಲಿ ಒಂದೇ ಮನೆಯವಾದ ಈ ನಾಲ್ಕು ಹೆಸರುಗಳು ಆಟಕ್ಕೂ ಬಹು ಸೊಗಸಾಗಿ ಒದಗುತ್ತವೆ. ಒಂದೊಂದರ ಸ್ವಭಾವವೂ ಬೇರೆ.

ಮೊದಲು ಮಧುಗಿರಿ. ಚೀಟಿಗಳು ನಾಲ್ಕು: ಮ, ಧು, ಗಿ, ರಿ. ಕಣ್ಣಿಗೆ ಬಿದ್ದುದನ್ನು ಹೇಳುತ್ತ ಹೋದರೆ ಕೆಲವು ತಪ್ಪಿಹೋಗುವುವು. ಕ್ರಮವಾಗಿ ಹುಡುಕುವುದನ್ನು ಮಕ್ಕಳಿಗೆ ಕಲಿಸಬೇಕು. ಒಂದು ಚೀಟಿಯನ್ನು ಮುಂದೆ ಇಟ್ಟು, ಉಳಿದ ಮೂರನ್ನು ಒಂದೊಂದಾಗಿ ಅದರ ಹಿಂದೆ ಇಡುತ್ತ ಬನ್ನಿರಿ. ಮಧು, ಮಗಿ, ಮರಿ. ಧುಮ, ಧುಗಿ, ಧುರಿ. ಗಿಮ, ಗಿಧು, ಗಿರಿ. ರಿಮ, ರಿಧು, ರಿಗಿ. ಎರಡಕ್ಷರದ ಜೋಡಣೆಗಳು ಒಟ್ಟು ಹನ್ನೆರಡು, ಹದಿಮೂರನೆಯದು ಇರಲಾರದು. ಇವುಗಳಲ್ಲಿ ಮಧು, ಗಿರಿ, ಮರಿ ಎಂಬ ಮೂರು ಕೂಡಲೆ ಮಾತುಗಳಾಗಿ ಮೇಲೆದ್ದು ನಿಲ್ಲುತ್ತವೆ. ಮೊದಲ ಎರಡು ಹೆಸರಿನಲ್ಲಿ ತಾವಾಗಿಯೇ ತೋರುವಂಥವು. ಮೂರನೆಯ ಮರಿಯು ಮಾತ್ರ ಅಡಗಿ ಕುಳಿತಿತ್ತು. ಆ ಊರಿನ ಐತಿಹ್ಯವನ್ನು ಬಲ್ಲವರಿಗೆ ಇದರಿಂದ ನಗು ಬರಬಹುದು. ಪಾಳೆಯಗಾರ ಹಿರೇಗೌಡನ ಕುರಿಯೊಂದು ದಾರಿ ತಪ್ಪಿ ಬೆಟ್ಟವನ್ನೇರಿ, ಮೈಯೆಲ್ಲ ನೀರು ತೊಟ್ಟಿಕ್ಕುತ್ತ ಮರಳಿ ಬಂದಿತಂತೆ. ಮೇಲೆ ಊಟೆಯಿದೆಯೆಂದು ಅದರಿಂದ ತಿಳಿದು ಅವನು ಅಲ್ಲಿ ಕೋಟೆ ಕಟ್ಟಿಸಿದನಂತೆ. ಹಳೆಯ ಗೆಝೆಟಿಯರುಗಳಲ್ಲಿ ಊರಿನ ಹೆಸರು ಮದ್ದಗಿರಿ ಎಂದಿದೆ. ಆ ಹಳೆಯ ಹೆಸರನ್ನು ಬಿಡಿಸಿದರೆ ಜೇನು ಮಾಯವಾಗುತ್ತದೆ. ಮರಿಯೂ ಗಿರಿಯೂ ಮಾತ್ರ ಹಾಗೆಯೇ ಉಳಿಯುತ್ತವೆ.

ಮಕ್ಕಳು ಅನೇಕರು ಇದನ್ನು ‘ಮದುಗಿರಿ’ ಎಂದು ಬರೆಯುತ್ತಾರೆ. ಬೈದು ತಿದ್ದಿದರೆ ಆ ದಿನಕ್ಕೆ ತಿದ್ದಿಕೊಂಡು ಮರುದಿನ ಮತ್ತೆ ಹಾಗೆಯೇ ಬರೆಯುವರು. ಚೀಟಿಯ ಆಟದಲ್ಲಿ ದಕಾರವನ್ನು ಬರೆದುಕೊಂಡ ಮಗುವು ‘ಮಧು’ ಎಂದು ಹೇಳಿ ಎಣಿಕೆಗೆ ಕೈ ಚಾಚಿದಾಗ, ಎದುರು ಕುಳಿತ ತಂಗಿಯೇ “ಅದು ನಿನ್ನ ಚೀಟಿಯಲ್ಲಿಲ್ಲ” ಎಂದು ತಡೆಯುವಳು. ಹಾಗೆ ಕಳೆದುಕೊಂಡ ಒಂದು ಎಣಿಕೆಯಿಂದ ಮಹಾಪ್ರಾಣವು ನೆನಪಿನಲ್ಲಿ ನೆಲಸುವುದು.

ಎರಡನೆಯದು ಶಿರಾ. 1687ರಿಂದ ಏಳು ದಶಕಗಳ ಕಾಲ ಮೊಗಲರ ಒಂದು ಪ್ರಾಂತಕ್ಕೆ ಮುಖ್ಯಸ್ಥಳವಾಗಿ ಮೆರೆದ ಊರು; 1696ರ ಜುಮ್ಮಾ ಮಸೀದಿಯು ಇಂದಿಗೂ ಅಲ್ಲಿದೆ. ಇಂಥ ಹಿರಿಯ ಊರಿನ ಹೆಸರಿನಲ್ಲಿ ಅಕ್ಷರಗಳು ಎರಡೇ. ಎರಡರಿಂದ ಏನಾದೀತೆಂದು ಕೈಬಿಡಬೇಡಿರಿ. ಚೀಟಿಗಳನ್ನು ಹಿಂದುಮುಂದು ಮಾಡಿರಿ: ರಾಶಿ! ಸುಗ್ಗಿಯಲ್ಲಿ ಕಣದ ನಡುವೆ ಎತ್ತರವಾಗಿ ಹಾಕಿ ಪೂಜೆ ಮಾಡುವ ರಾಶಿ. ಬಯಲುಸೀಮೆಯ ಒಕ್ಕಲುಮಕ್ಕಳಿಗೆ ಇದಕ್ಕಿಂತ ಶುಭವಾದ ಮಾತು ಮತ್ತಾವುದು? ಇನ್ನೊಂದು ಸ್ವಾರಸ್ಯವೂ ಉಂಟು. ಕೆಲವರು ಊರಿನ ಹೆಸರನ್ನು ಸಿರಾ ಎಂದು ಸಕಾರದಿಂದ ಬರೆಯುತ್ತಾರೆ. ಹಾಗೆ ಬರೆದರೆ ಬರುವುದು ರಾಸಿ. ಹಳ್ಳಿಯ ಕಣದಲ್ಲಿ ಬಾಯಿಂದ ಬಾಯಿಗೆ ಕೇಳುವುದು ಆ ರೂಪವೇ. ಪುಸ್ತಕದ ಶಕಾರಕ್ಕೆ ಪುಸ್ತಕದ ರಾಶಿ, ಬಾಯಮಾತಿನ ಸಕಾರಕ್ಕೆ ಬಾಯಮಾತಿನ ರಾಸಿ, ಯಾರಿಗೂ ನಷ್ಟವಿಲ್ಲ.

ಮೂರನೆಯದಾದ ಕೊರಟಗೆರೆಗೆ ಐದು ಚೀಟಿಗಳು: ಕೊ, ರ, ಟ, ಗೆ, ರೆ. ಜೋಡಣೆಗಳ ಸಂಖ್ಯೆ ಇಲ್ಲಿ ಥಟ್ಟನೆ ಏರುತ್ತದೆ. ಎರಡಕ್ಷರದವು 20, ಮೂರರವು 60, ನಾಲ್ಕರವು 120, ಐದರವು ಮತ್ತೆ 120, ಒಟ್ಟು 320. ಇಷ್ಟಿದ್ದರೂ ಗೆರೆ, ಕೊರೆ ಎಂಬ ಎರಡು ಬಿಟ್ಟರೆ ಸುಲಭವಾಗಿ ಸಿಕ್ಕುವ ಮಾತು ಕಡಮೆ. ಇಲ್ಲಿ ಮಕ್ಕಳು ತಪ್ಪದೆ ಒಂದು ಪ್ರಶ್ನೆ ಕೇಳುವರು: “ಊರಿನ ಹೆಸರಿನಲ್ಲಿ ಕೆರೆಯಿದೆಯಲ್ಲ, ಅದನ್ನೇಕೆ ಎಣಿಸಬಾರದು?” ಹುಡುಕಿ ನೋಡಿದರೆ ‘ಕೆ’ ಎಂಬ ಚೀಟಿಯೇ ಇಲ್ಲ! ಕೆರೆಯು ಹೆಸರಿನಲ್ಲಿದೆ, ಅಕ್ಷರಗಳಲ್ಲಿಲ್ಲ. ವ್ಯಾಕರಣದ ಪಾಠವು ಇಂಥ ಅಚ್ಚರಿಯ ಬೆನ್ನ ಹಿಂದೆ ಬಂದರೆ ಮಾತ್ರ ತಲೆಗೆ ಹತ್ತುತ್ತದೆ. ಎರಡು ಮಾತುಗಳು ಸೇರಿ ಸಮಾಸವಾಗುವಾಗ ಎರಡನೆಯದರ ಮೊದಲಿನ ಕ, ತ, ಪಗಳಿಗೆ ಗ, ದ, ಬಗಳು ಬರುವುದು ಆದೇಶಸಂಧಿ. ಮಳೆ, ಕಾಲ ಸೇರಿ ಮಳೆಗಾಲವಾಗುವಂತೆ, ಬೆಟ್ಟ, ತಾವರೆ ಸೇರಿ ಬೆಟ್ಟದಾವರೆಯಾಗುವಂತೆ, ಕೆರೆಯು ಇಲ್ಲಿ ಗೆರೆಯಾಗಿ ನಿಂತಿದೆ. ಶಿರಾ ತಾಲ್ಲೂಕಿನ ಗೌಡಗೆರೆಯೂ ಹೀಗೆಯೇ. ಆದರೆ ಕೊರಟಗೆರೆ ತಾಲ್ಲೂಕಿನಲ್ಲೇ ಇರುವ ತೋವಿನಕೆರೆಯನ್ನು ಬಿಡಿಸಿದರೆ ಕೆರೆಯು ಕೆರೆಯಾಗಿಯೇ ಸಿಕ್ಕುತ್ತದೆ. ನಡುವೆ ಷಷ್ಠಿಯ ನಕಾರ ಉಳಿದಿರುವುದರಿಂದ ಕಕಾರಕ್ಕೆ ಬದಲಾವಣೆಯಿಲ್ಲ. ಒಂದೇ ತಾಲ್ಲೂಕಿನ ಎರಡು ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಮಗುವು ಆದೇಶಸಂಧಿಯನ್ನು ಎಂದಿಗೂ ಮರೆಯದು.

ನಾಲ್ಕನೆಯದು ಪಾವಗಡ: ಪಾ, ವ, ಗ, ಡ. ಮೊದಲ ನೋಟಕ್ಕೆ ಸಿಗುವುದು ಗಡ ಒಂದೇ. ಅದು ಕೋಟೆಯೆಂಬ ಅರ್ಥದ ಮಾತು. ಹೀಗೆ ಒಂದೇ ಮಾತು ಹುಟ್ಟುವ ಹೆಸರಿನಿಂದ ಮಕ್ಕಳು ಬೇಸರಗೊಳ್ಳುವುದು ಸಹಜ. ಅಂಥ ಕಡೆಗೆಂದೇ ಆಟದ ಎರಡನೆಯ ಪಂಕ್ತಿಯಿದೆ.

ಈ ಎರಡನೆಯ ಪಂಕ್ತಿಯಲ್ಲಿ ವ್ಯಂಜನಗಳನ್ನು ಮಾತ್ರ ಹಿಡಿದುಕೊಂಡು ಗುಣಿತವನ್ನು ನಮ್ಮ ಇಷ್ಟಕ್ಕೆ ಬಿಡುವುದು. ‘ಗ’ ಎಂಬ ಚೀಟಿಯು ಗಾ, ಗಿ, ಗು, ಗೋ ಏನಾದರೂ ಆಗಬಹುದು. ಒತ್ತನ್ನೂ ಸೊನ್ನೆಯನ್ನೂ ಸೇರಿಸಕೂಡದು, ಅಷ್ಟೆ. ಕಾಗುಣಿತವನ್ನು ಕಲಿತು ಮುಗಿಸಿದ ಮಕ್ಕಳಿಗೆ ಇದು ತಕ್ಕುದು. ಕಟ್ಟು ಬಿಚ್ಚಿದೊಡನೆ ಪಾವಗಡದಿಂದ ಮಾತುಗಳು ಉಕ್ಕಿ ಬರುತ್ತವೆ: ಗಿಡ, ಗೂಡು, ಗುಡಿ, ಗೋಡೆ, ಗವಿ, ಗೋವು, ಗೌಡ, ವಡೆ, ವೇಗ, ಪಾಡು, ಪೀಡೆ. ಮೂರಕ್ಷರದ ಪಗಡೆ, ಪವಾಡ, ಗಡುವುಗಳೂ ಇವೆ. ಬಹುಭಾಗ ಆಂಧ್ರಪ್ರದೇಶದಿಂದ ಸುತ್ತುವರಿಯಲ್ಪಟ್ಟ ಈ ತಾಲ್ಲೂಕಿನ ಹೆಸರಿನಲ್ಲಿ ಗಡಿ ಎಂಬ ಮಾತೂ ಇದೆಯೆಂಬುದು ವಿನೋದ.

ಕೊರಟಗೆರೆಯಾದರೋ ಕಣಜವೇ ಸರಿ. ಮೊದಲ ಪಂಕ್ತಿಯಲ್ಲಿ ನಿರಾಕರಿಸಿದ್ದ ಕೆರೆ ಈಗ ಸಿಕ್ಕಿತು. ಅದರೊಡನೆ ಕುರಿ, ಕರು, ಕಾಗೆ, ಟಗರು ಬಂದವು. ಕೋಟೆ, ಕುಟೀರ, ಗೂಟ, ಗಾರೆಗಳು ಬಂದವು. ಕೋಟಿ ಬಂದಿತು, ಗಿರಾಕಿಯೂ ಬಂದನು. ರಾಗ, ರೋಗ, ಕೂಗು, ಕೊರಗು, ಗುಟುಕು, ಕರಗ ಎಲ್ಲವೂ ಅಲ್ಲಿಯೇ. ಊರ ಹೆಸರಿನ ಮೊದಲ ಮೂರು ಅಕ್ಷರಗಳಿಂದಲೇ ಕಿರೀಟವಾಗುತ್ತದೆಂದು ಎಷ್ಟು ಜನ ಊಹಿಸಿದ್ದಾರು? ಮಧುಗಿರಿಯಿಂದ ಮರ, ಮಗ, ಮಗು, ಮೂಗು, ಮಾಗಿ, ಮಾರಿ, ಧರೆ, ಧಾರೆ, ಧೂಮ, ಧಗೆ, ಧೀರ, ಗುರಿ, ಗರಿಗಳಲ್ಲದೆ ಮಧುರ, ಮಗಧ ಎಂಬ ಮೂರಕ್ಷರದವೂ ದೊರೆಯುತ್ತವೆ. ಶಿರಾ ಎಂಬುದರಿಂದ ಶಿರ, ಶರ. ಸಕಾರದಿಂದ ಬರೆದರೆ ಸಿರಿ, ಸೀರೆ, ಸರ, ರಸ, ಸಾರು, ಸೇರು, ಸೂರು, ಸೆರೆ. ಒಂದು ಸಂಸಾರಕ್ಕೆ ಬೇಕಾದುದೆಲ್ಲ ಎರಡು ಅಕ್ಷರಗಳಲ್ಲೇ ಆಯಿತು. ನಾಲ್ಕು ಹೆಸರುಗಳಲ್ಲಿ ಮಧುಗಿರಿ, ಕೊರಟಗೆರೆಗಳೆರಡರಲ್ಲಿಯೂ ರಾಗಿ ಇದೆ ಎಂಬುದನ್ನು ಆ ಸೀಮೆಯವರು ಹೆಮ್ಮೆಯಿಂದ ಗಮನಿಸಬಹುದು.

ಇಷ್ಟರವರೆಗೆ ವಿನೋದವಾಯಿತು. ಇನ್ನು ಆರಂಭದಲ್ಲಿ ಸೂಚಿಸಿದ ವಿಚಾರಕ್ಕೆ ಬರೋಣ.

ಎರಡನೆಯ ತರಗತಿಯ ಮಗುವೊಂದನ್ನು ಊಹಿಸಿಕೊಳ್ಳಿರಿ. ಪುಸ್ತಕವನ್ನು ತೆರೆದುಕೊಟ್ಟರೆ ಪಾಠವನ್ನು ತಡೆಯಿಲ್ಲದೆ ಓದುತ್ತದೆ. ತಂದೆತಾಯಿಗಳು ಸಂತೋಷಪಡುತ್ತಾರೆ. ಆದರೆ ಮಗುವಿನ ಕಣ್ಣು ಒಂದು ಸಾಲಿನಲ್ಲಿದ್ದರೆ ಬಾಯಿ ಮುಂದಿನ ಸಾಲಿನಲ್ಲಿರುತ್ತದೆ. ತರಗತಿಯಲ್ಲಿ ಎಲ್ಲರೊಡನೆ ನೂರು ಸಲ ಹೇಳಿದುದು ಬಾಯಿಗೆ ಬಂದಿದೆ, ಅಕ್ಷರ ಬಂದಿಲ್ಲ. ಇದು ಸೋಮಾರಿತನವಲ್ಲ, ವಂಚನೆಯೂ ಅಲ್ಲ. ತಾನು ಓದುತ್ತಿದ್ದೇನೆಂದೇ ಮಗುವು ನಂಬಿರುತ್ತದೆ. ನಾಲ್ಕನೆಯ, ಐದನೆಯ ತರಗತಿಗೆ ಬಂದು, ಪಾಠಗಳು ಬಾಯಿಗೆ ಬಾರದಷ್ಟು ಉದ್ದವಾದಾಗ ಗುಟ್ಟು ಹೊರಬೀಳುತ್ತದೆ. ಅಷ್ಟು ಹೊತ್ತಿಗೆ ಮಗುವು ಹಿಂದಿನ ಬೆಂಚಿಗೆ ಹೋಗಿರುತ್ತದೆ. ಹೊಸದಾಗಿ ಅಕ್ಷರ ಕಲಿಯಲು ನಾಚಿಕೆ, ಮುಂದಿನ ಪಾಠಕ್ಕೆ ಶಕ್ತಿಯಿಲ್ಲ. ಶಾಲೆಯ ಮೇಲಿನ ಅಸಹ್ಯಕ್ಕೆ ಅನೇಕ ವೇಳೆ ಇದೇ ಬೇರು. ಇದನ್ನು ಮನೆಯಲ್ಲಿ ಮುಂಚೆಯೇ ಕಂಡುಹಿಡಿಯುವುದು ಹೇಗೆ? ಪುಸ್ತಕದ ಪಾಠವನ್ನು ಓದಿಸಿದರೆ ತಿಳಿಯದು. ಬಿಡಿ ಅಕ್ಷರಗಳನ್ನು ಕೊಟ್ಟು “ಇವುಗಳಿಂದ ಒಂದು ಮಾತನ್ನು ಮಾಡು” ಎಂದರೆ ತಿಳಿಯುತ್ತದೆ. ಬಾಯಿಪಾಠವು ಅಲ್ಲಿ ನೆರವಿಗೆ ಬರಲಾರದು. ಮ ಮತ್ತು ರಿಗಳನ್ನು ಕೂಡಿಸಿ ‘ಮರಿ’ ಎಂದು ತಾನಾಗಿ ಓದಿದ ಮಗುವು ಓದನ್ನು ಕಲಿತಿದೆ. ಮಧುಗಿರಿ ಎಂದು ಇಡಿಯಾಗಿ ಗುರುತಿಸಬಲ್ಲುದು, ಬಿಡಿಸಿ ಕೂಡಿಸಲಾರದು ಎಂಬ ಮಗುವಿಗೆ ಇನ್ನೂ ನಮ್ಮ ಸಹಾಯ ಬೇಕು.

ಶಾಲೆಯವರೂ ಈ ತತ್ತ್ವವನ್ನು ಅರಿಯದವರಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು, ಆಂಧ್ರದ ರಿಷಿವ್ಯಾಲಿಯಲ್ಲಿ ನಡೆಯುತ್ತಿದ್ದ ಕ್ರಮವನ್ನು ಕಂಡುಬಂದು, ಯುನಿಸೆಫ್ ಸಂಸ್ಥೆಯ ನೆರವಿನಿಂದ ನಲಿ-ಕಲಿ ಎಂಬ ಪದ್ಧತಿಯನ್ನು ಆರಂಭಿಸಿದರು. ಮುಂದೆ ಅದು ರಾಜ್ಯದ ಸರಕಾರಿ ಶಾಲೆಗಳಿಗೆ ಹಬ್ಬಿತು. ಅದರಲ್ಲಿ ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮವನ್ನು ಬಿಟ್ಟು ಮೊದಲ ಪಾಠಕ್ಕೆ ಆರಿಸಿಕೊಂಡ ಅಕ್ಷರಗಳು ಐದು: ರ, ಗ, ಸ, ದ, ಅ. ಹೀಗೇಕೆಂದು ಹಿರಿಯರು ಬೆರಗಾದುದುಂಟು. ಆದರೆ ಈ ಐದನ್ನೇ ಬೇಕಾದಷ್ಟು ಸಲ ಬಳಸಿ ನೋಡಿರಿ. ಸರ, ರಸ, ದರ, ಅರಸ, ಅಗಸ, ಸರಸ, ಗದಗ, ಗರಗಸ. ‘ಅರಸರ ಸರ’ ಎಂಬ ಎರಡು ಮಾತಿನ ಜೋಡಿಯೂ ಆಗುತ್ತದೆ. ವರ್ಣಮಾಲೆಯ ಮೊದಲ ಐದು ಸ್ವರಗಳನ್ನು ಕಲಿತ ಮಗುವು ಅವುಗಳಿಂದ ಏನನ್ನೂ ಕಟ್ಟಲಾರದು. ಈ ಐದನ್ನು ಕಲಿತ ಮಗುವು ಮೊದಲ ವಾರದಲ್ಲಿಯೇ ಮಾತನ್ನು ಓದುತ್ತದೆ. ವರ್ಣಮಾಲೆಯ ಕ್ರಮವು ಶಾಸ್ತ್ರಕ್ಕೆ ಬೇಕು, ನಿಘಂಟಿಗೆ ಬೇಕು. ಅದನ್ನು ಮುಂದೆ ಕಲಿಯಲೇಬೇಕು. ಆದರೆ ಅಕ್ಷರವೆಂಬುದು ಮಾತು ಕಟ್ಟುವ ಇಟ್ಟಿಗೆಯೆಂಬ ತಿಳಿವಳಿಕೆ ಮೊದಲು ಬರಬೇಕು.

ಈಗ ಬಾಕಿಯುಳಿಸಿಕೊಂಡಿದ್ದ ನಾಲ್ಕನೆಯ ನಿಯಮ. ಮಾಡಿದ ಮಾತು ಮಾತೇ ಹೌದೋ ಅಲ್ಲವೋ ಎಂಬ ತೀರ್ಪನ್ನು ಮನೆಯ ಅತ್ಯಂತ ಹಿರಿಯರು ಕೊಡತಕ್ಕದ್ದು. ಅವರಿಗೆ ಓದುಬರಹ ಬಾರದಿದ್ದರೂ ಚಿಂತೆಯಿಲ್ಲ. ಬಾರದಿದ್ದರೇ ಒಳ್ಳೆಯದೆಂದೂ ಹೇಳಬಹುದು. ಏಕೆಂದರೆ ಈ ಆಟದಲ್ಲಿ ಎರಡು ಬಂಡವಾಳಗಳು ಬೇಕು: ಒಂದು ಅಕ್ಷರ, ಇನ್ನೊಂದು ಮಾತು. ಅಕ್ಷರವು ಮೊಮ್ಮಗುವಿನಲ್ಲಿದೆ, ಮಾತು ಅಜ್ಜಿಯಲ್ಲಿದೆ. ಇಬ್ಬರೂ ಕೂಡದೆ ಆಟ ಪೂರ್ತಿಯಾಗದು.

ಪಾವಗಡವನ್ನೇ ಮತ್ತೆ ನೋಡಿರಿ. ಗುಣಿತವನ್ನು ಬದಲಿಸುತ್ತ ಹೋದ ಮಗುವು ‘ಪಾವು’ ಎಂಬುದನ್ನು ಜೋಡಿಸಿ, ಅರ್ಥವಿಲ್ಲವೆಂದು ತಾನೇ ಕೆಡಿಸಿಬಿಡುವ ಸಂಭವವುಂಟು. ಕೇಳಿಸಿಕೊಂಡ ಅಜ್ಜಿ ಅದನ್ನು ತಡೆಯುವಳು. ಪಾವು ಎಂದರೆ ಸೇರಿನಲ್ಲಿ ನಾಲ್ಕನೆಯ ಒಂದು ಪಾಲು. ಅಕ್ಕಿಬೇಳೆಗಳನ್ನು ಅಳೆಯಲು ಒಂದು ಕಾಲದಲ್ಲಿ ಎಲ್ಲರ ಮನೆಯಲ್ಲಿಯೂ ಇದ್ದ ಅಳತೆ. 1956ರ ಕಾಯಿದ್ದೆಯ ತರುವಾಯ ಕಿಲೋಗ್ರಾಂ, ಲೀಟರುಗಳು ಬಂದು, ಸೇರು ಪಾವುಗಳು ಅಂಗಡಿಯಿಂದ ಹಿಂದೆ ಸರಿದವು. ಮಗುವು ಅವುಗಳನ್ನು ಶಾಲೆಯ ಲೆಕ್ಕದಲ್ಲಿ ಕಾಣುವುದಿಲ್ಲ. ಕೊರಟಗೆರೆಯಿಂದ ಕರಟವೂ ಬರುತ್ತದೆ, ಗರಟೆಯೂ ಬರುತ್ತದೆ. ತೆಂಗಿನ ಚಿಪ್ಪಿಗೆ ಎರಡೂ ಹೆಸರೇ ಎಂದು ಹೇಳಬಲ್ಲವರು ಅಡಿಗೆಮನೆಯಲ್ಲಿರುವರೇ ಹೊರತು ಪಠ್ಯಪುಸ್ತಕದಲ್ಲಿರುವರೆಂಬ ಭರವಸೆಯಿಲ್ಲ. ಇಂಥ ಮಾತುಗಳನ್ನು ಯಾರೂ ಬೇಕೆಂದು ಕೊಲ್ಲುವುದಿಲ್ಲ. ಕೇಳುವವರಿಲ್ಲದೆ ಅವು ಒಂದೊಂದು ತಲೆಯೊಡನೆ ಹೋಗಿಬಿಡುತ್ತವೆ. ಸಂಜೆಯ ಅರ್ಧ ಗಂಟೆಯಲ್ಲಿ ಒಂದು ಮಾತು ಹೀಗೆ ಅಜ್ಜಿಯಿಂದ ಮೊಮ್ಮಗುವಿಗೆ ಕೈ ಬದಲಾಯಿಸಿದರೆ ಆ ದಿನದ ಆಟ ಸಾರ್ಥಕವೆನ್ನಬೇಕು.

ಪಾವು ಎಂಬುದಕ್ಕೆ ಇನ್ನೂ ಒಂದು ಅರ್ಥವುಂಟು. ಹಳಗನ್ನಡದಲ್ಲಿ ಹಾವಿಗೆ ಪಾವು ಎಂದೇ ಹೆಸರು. ಪಾಲು ಹಾಲಾದಂತೆ, ಪೂ ಹೂವಾದಂತೆ, ಪಾವು ಕಾಲಕ್ರಮದಲ್ಲಿ ಹಾವಾಯಿತು. ತೆಲುಗಿನಲ್ಲಿ ಅದು ಪಾಮು. ಪಾವಗಡದ ಬೆಟ್ಟವನ್ನು ತೆಲುಗಿನವರು ಪಾಮುಕೊಂಡ, ಎಂದರೆ ಹಾವಿನ ಬೆಟ್ಟ, ಎಂದು ಕರೆಯುತ್ತಿದ್ದರೆಂದು ಹೇಳುವುದುಂಟು. ಆ ತಾಲ್ಲೂಕಿನಲ್ಲಿ ಮನೆಯೊಳಗೆ ತೆಲುಗನ್ನಾಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳು ಬಹುಮಂದಿ. ಮನೆಯ ಮಾತು ಬೇರೆ, ಪುಸ್ತಕದ ಮಾತು ಬೇರೆ ಎಂಬ ಅಳುಕು ಅವರಿಗೆ ಇರಬಹುದು. ಮನೆಯ ಪಾಮು, ಶಾಲೆಯ ಹಾವು, ಇವೆರಡರ ನಡುವೆ ತಮ್ಮ ಊರಿನ ಹೆಸರೇ ಪಾವು ಎಂಬ ಸೇತುವೆಯನ್ನು ಕಟ್ಟಿ ನಿಂತಿದೆಯೆಂದು ತೋರಿಸಿಕೊಟ್ಟರೆ ಆ ಅಳುಕು ಎಷ್ಟೋ ಕಡಮೆಯಾಗುವುದು. ಇಂಥ ಮನೆಗಳಲ್ಲಿ ತೆಲುಗಿನ ಮಾತನ್ನೂ, ಉರ್ದು ಆಡುವ ಮನೆಗಳಲ್ಲಿ ಆ ನುಡಿಯ ಮಾತನ್ನೂ, ಕನ್ನಡದ ಅಕ್ಷರಗಳಲ್ಲಿ ಬರೆಯಲು ಬರುವುದಾದರೆ, ಅರ್ಧ ಎಣಿಕೆ ಕೊಟ್ಟು ಸ್ವೀಕರಿಸುವುದು ಉಚಿತ. ಮಗುವಿನ ಮನೆಮಾತನ್ನು ಆಟದಿಂದ ಹೊರಗಿಟ್ಟರೆ ಮಗುವನ್ನೂ ಅರ್ಧ ಹೊರಗಿಟ್ಟಂತೆಯೇ.

ಹಿರಿಯರ ತೀರ್ಪಿನ ಮೇಲೂ ವಿವಾದವೆದ್ದರೆ ನಿಘಂಟನ್ನು ನೋಡಬಹುದು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ಅವರ ಕೋಶವೂ, ಎಂಟು ಸಂಪುಟಗಳಲ್ಲಿ ಬಂದಿರುವ ಸಾಹಿತ್ಯ ಪರಿಷತ್ತಿನ ನಿಘಂಟೂ ದೊಡ್ಡ ಪುಸ್ತಕ ಭಂಡಾರಗಳಲ್ಲಿ ದೊರೆಯುತ್ತವೆ. ಆದರೆ ನಿಘಂಟಿನಲ್ಲಿಲ್ಲವೆಂಬ ಒಂದೇ ಕಾರಣದಿಂದ ಅಜ್ಜಿಯ ಮಾತನ್ನು ತಳ್ಳಿಹಾಕಬಾರದು. ಅಂಥ ಮಾತನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು.

ಎರಡು ಎಚ್ಚರಿಕೆಗಳನ್ನು ಹೇಳಿ ಮುಗಿಸುತ್ತೇವೆ. ಇದನ್ನು ಪರೀಕ್ಷೆಯನ್ನಾಗಿ ಮಾಡಬೇಡಿರಿ. ಮಗುವಿಗೆ ಅಕ್ಷರ ಬಂದಿಲ್ಲವೆಂದು ತಿಳಿದ ದಿನ ಮುಖ ಗಂಟಿಕ್ಕಿದರೆ, ಮರುದಿನದಿಂದ ಮಗುವು ಆಟಕ್ಕೆ ಕೂರದು. ತಿಳಿದುಕೊಂಡುದರ ಫಲವೂ ಕೈತಪ್ಪುವುದು. ಆ ದಿನ ಏನೂ ಆಡದೆ, ಎರಡು ಚೀಟಿಗಳಿಂದಾಗುವ ಸುಲಭದ ಮಾತಿಗೆ ಹಿಂದಿರುಗಿರಿ. ಶಿರಾದಿಂದ ರಾಶಿಯಾಗುವುದನ್ನು ತೋರಿಸಿರಿ. ಎರಡನೆಯದಾಗಿ, ಬೇಸರ ಬರುವ ಮೊದಲೇ ಆಟವನ್ನು ನಿಲ್ಲಿಸಿರಿ. ದಿನಕ್ಕೊಂದು ಹೆಸರು ಸಾಕು.

ಮುಂದಿನ ತಿಂಗಳಿಗೆ ಸಮಸ್ಯೆ: ಪಾವಗಡ ತಾಲ್ಲೂಕಿನಲ್ಲಿ ಉತ್ತರ ಪಿನಾಕಿನಿಯ ದಡದ ಮೇಲಿರುವ ನಾಗಲಮಡಿಕೆ ಎಂಬ ಊರಿನ ಹೆಸರನ್ನು ಬಿಡಿಸಿರಿ. ಚೀಟಿಗಳು ಆರು: ನಾ, ಗ, ಲ, ಮ, ಡಿ, ಕೆ. ಮೊದಲ ಪಂಕ್ತಿಯ ನಿಯಮದಂತೆ, ಎಂದರೆ ಗುಣಿತವನ್ನು ಬದಲಿಸದೆ, ಏಳು ಮಾತುಗಳಾದರೂ ದೊರೆಯಬೇಕು. ಅವುಗಳಲ್ಲೊಂದು ನೀರು ತುಂಬುವಂಥದು, ಒಂದು ವೈದ್ಯರು ಹಿಡಿದು ನೋಡುವಂಥದು, ಒಂದು ಎರಡು ರಾಜ್ಯಗಳ ನಡುವೆ ಇರುವಂಥದು. ಉಳಿದ ನಾಲ್ಕಕ್ಕೆ ಸುಳಿವು ಕೊಡುವುದಿಲ್ಲ, ಅಜ್ಜಿಯನ್ನು ಕೇಳಿರಿ.